ಸತ್ಯಾಂಶ: ರಾಬರ್ಟ್ ಜಾನ್ಸನ್‌ಗೆ ಗಿಟಾರ್ ಕಲಿಸಿದ್ದು ಸೈತಾನನಲ್ಲ

ಅಮೆರಿಕದ ಕಪ್ಪುಜನರ ಸಂಗೀತವಾದ ಬ್ಲೂಸ್‌ನ ಗಿಟಾರ್ ವಾದಕ ರಾಬರ್ಟ್ ಜಾನ್ಸನ್ ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ಕಲಿತ ಅನ್ನೋ ಫಾರ್ವರ್ಡ್ ಆಗಾಗ ಬರುತ್ತದೆ. ಅದು ನಿಜವಲ್ಲ.

ಆತ ಮಿಸಿಸಿಪ್ಪಿಯ ಹೇಜಲ್‌ಹರ್ಸ್ಟ್‌ನವನು. ಮೊದಮೊದಲು ಸರಿಯಾಗಿ ನುಡಿಸಲು ಬರುತ್ತಿರಲಿಲ್ಲ. ಹುಟ್ಟೂರಿನ ಕಡೆಗೆ ಮರಳಿ, ಐಕ್ ಜಿಮ್ಮರ್‌ಮನ್ ಎಂಬ ಗುರುವಿನ ಬಳಿ ಕಲಿತ. ರಾತ್ರಿ ಹೊತ್ತು ಇಬ್ಬರೂ ಸ್ಮಶಾನದಲ್ಲಿ ಕೂತು ನುಡಿಸುತ್ತಿದ್ದರಂತೆ. ಅಲ್ಲಿ ಅಡ್ಡಿಪಡಿಸುವವರು ಯಾರೂ ಇರಲಿಲ್ಲ. ಅಷ್ಟು ದುಡಿದು ಕಲಿತದ್ದಕ್ಕೆ ಸೈತಾನನಿಗೆ ಶ್ರೇಯ ಕೊಡುವುದು ಅನ್ಯಾಯ ಅಲ್ವಾ?

ನೀವೇ ಪರೀಕ್ಷಿಸಬಹುದು. 1936ರ ‘ಕ್ರಾಸ್ ರೋಡ್ ಬ್ಲೂಸ್’ ಹಾಡು ಕೇಳಿ. ಅದರಲ್ಲಿ ಸೈತಾನನೇ ಇಲ್ಲ. ಮೊಣಕಾಲೂರಿ ದೇವರನ್ನು ಬೇಡುವ, ಗಾಡಿಗೆ ಕೈ ಅಡ್ಡ ಹಿಡಿಯುವ ಒಂಟಿ ಮನುಷ್ಯನಿದ್ದಾನೆ. ಜೊತೆಗೆ, ಕಥೆ ಮೊದಲು ಯಾರ ಬಗ್ಗೆ ಇತ್ತು ಅಂತಲೂ ಹುಡುಕಿ. ಇಂಥದೇ ಕಥೆಯನ್ನು ಟಾಮಿ ಜಾನ್ಸನ್ ಎಂಬ ಬೇರೆ ವಾದಕನ ಬಗ್ಗೆ ಅವನ ಅಣ್ಣನೇ ಹೇಳಿದ್ದ.