ಜಗತ್ತಿನ ಅತಿ ವೇಗದ ಮನುಷ್ಯ ಮತ್ತು ಒಂದು ಕಾರಿಡಾರು

ಸೆಂಟ್ರಲ್ ಸಿಟಿ ಎಂಬ ಊರು ಭೂಪಟದಲ್ಲಿಲ್ಲ, ಅಮೆರಿಕದ ಟೀವಿಯಲ್ಲಿದೆ. ಆ ಊರಲ್ಲೊಂದು ಸ್ಟಾರ್ ಲ್ಯಾಬ್ಸ್ ಎಂಬ ಪ್ರಯೋಗಾಲಯ, ಪ್ರಯೋಗಾಲಯದೊಳಗೊಂದು ಕಾರಿಡಾರು. ಮಂಕು ಬೆಳಕು, ಬೋಳು ಗೋಡೆ. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ವಿಭಾಗಕ್ಕೆ ಹೋಗುವ ದಾರಿ ಇರುತ್ತದಲ್ಲ, ಥೇಟ್ ಹಾಗೆ. 2014ರ ಅಕ್ಟೋಬರ್ 7ರಿಂದ 2023ರ ಮೇ 24ರವರೆಗೆ ಜಗತ್ತು ಎಷ್ಟು ಸಲ ನಾಶದ ಅಂಚಿಗೆ ಹೋಯಿತೋ ಹೆಚ್ಚುಕಮ್ಮಿ ಅಷ್ಟೂ ಸಲ ಅದನ್ನು ಉಳಿಸಿದ್ದು ಈ ಕಾರಿಡಾರು. ಹೆಸರು ಮಾತ್ರ 'ದಿ ಫ್ಲ್ಯಾಶ್' ಎಂಬ ಕೆಂಪು ಬಟ್ಟೆಯ ಹುಡುಗನ ಪಾಲಾಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. 'ದಿ ಫ್ಲ್ಯಾಶ್' ಧಾರಾವಾಹಿಯ ಆ ಕೆಂಪು ಬಟ್ಟೆಯ ಹುಡುಗನೇ ಬ್ಯಾರಿ ಆಲನ್, ಪೊಲೀಸ್ ಇಲಾಖೆಯ ಫೊರೆನ್ಸಿಕ್ ತಜ್ಞ. ಪಾರ್ಟಿಕಲ್ ಆಕ್ಸಿಲರೇಟರ್ ಎಂಬ ಯಂತ್ರ ಸ್ಫೋಟಗೊಂಡ ರಾತ್ರಿ ಸಿಡಿಲು ಬಡಿದು ಒಂಬತ್ತು ತಿಂಗಳು ಕೋಮಾದಲ್ಲಿದ್ದ. ಎದ್ದು ಕೂತಾಗ ಅವನಷ್ಟು ವೇಗವಾಗಿ ಓಡುವವರು ಜಗತ್ತಿನಲ್ಲೇ ಇಲ್ಲ. ಹಾಗಂತ ಕಂತಿನ ಶುರುವಿನಲ್ಲಿ ಅವನೇ ಹೇಳಿಕೊಳ್ಳುತ್ತಾನೆ. ಹೇಳಿಕೊಂಡು ಮುಗಿಸುವಷ್ಟರಲ್ಲಿ ಅವನಿಗಿಂತ ವೇಗವಾಗಿ ಓಡುವ ಇನ್ನೊಬ್ಬ ಬಂದು ನಾಲ್ಕು ಬಾರಿಸಿ ಹೋಗಿರುತ್ತಾನೆ.

ಒದೆ ತಿಂದ ಬ್ಯಾರಿ ಲ್ಯಾಬಿಗೆ ಬರುತ್ತಾನೆ. ಮುಖ ಊದಿಸಿಕೊಂಡು ಕಾರಿಡಾರಿಗೆ ನಡೆಯುತ್ತಾನೆ. ಗಮನಿಸಿ, ನಡೆಯುತ್ತಾನೆ. ಹಿಂದೆಯೇ ಹೆಂಡತಿ ಐರಿಸ್ ಬರುತ್ತಾಳೆ. ಅವಳಿಗೆ ಬಿಡುವಿಲ್ಲದಿದ್ದರೆ ಸಾಕಿದ ಅಪ್ಪ ಜೋ ಬರುತ್ತಾರೆ. ಅವರೂ ಇಲ್ಲದಿದ್ದರೆ ಆ ವಾರ ಯಾರ ಸಂಭಾಷಣೆ ಕಡಿಮೆ ಬಿದ್ದಿದೆಯೋ ಅವರು. ಮುಂದಿನದು ಸುಮಾರು ಹೀಗಿರುತ್ತದೆ:

"ಬ್ಯಾರಿ..."

"ಇಲ್ಲ ಐರಿಸ್, ನನ್ನ ಕೈಲಾಗಲ್ಲ. ಅವನು ನನಗಿಂತ ಜೋರಾಗಿ ಓಡ್ತಾನೆ."

"ನಿನ್ನ ವೇಗ ಇರೋದು ಕಾಲಲ್ಲಲ್ಲ ಬ್ಯಾರಿ, ಇಲ್ಲಿ." (ಎದೆಯ ಮೇಲೆ ಕೈ. ಹಿನ್ನೆಲೆಯಲ್ಲಿ ಪಿಯಾನೋ.)

ಅಷ್ಟೇ. ಬ್ಯಾರಿ ಕಣ್ಣೊರೆಸಿಕೊಂಡು ಹೋಗುತ್ತಾನೆ, ಅದೇ ಖಳನನ್ನು ಅದೇ ಕಾಲುಗಳಿಂದ ಎರಡು ನಿಮಿಷದಲ್ಲಿ ಸೋಲಿಸುತ್ತಾನೆ. ಈ ಮಾತುಕತೆ ಮುಗಿಯುವವರೆಗೆ ಖಳ ಏನು ಮಾಡುತ್ತಿದ್ದ ಎಂದು ನೀವು ಕೇಳಬಹುದು. ಕಾಯುತ್ತಿದ್ದ. ಸೆಂಟ್ರಲ್ ಸಿಟಿಯ ಖಳರು ಸಂಸ್ಕಾರವಂತರು. ಗಂಡ ಹೆಂಡತಿ ಮಾತಾಡುವಾಗ ಮಧ್ಯೆ ಬರುವುದಿಲ್ಲ.

ಶುರುವಿನಲ್ಲಿ ಹೀಗಿರಲಿಲ್ಲ ಎಂಬುದೇ ಹೊಟ್ಟೆ ಉರಿಯುವ ಸಂಗತಿ. ಮೊದಲ ಸೀಸನ್ನಿನ ಆರನೇ ಕಂತಿನಲ್ಲಿ ಮೈಯೆಲ್ಲ ಉಕ್ಕಾಗುವ ಒಬ್ಬ ಪುಂಡ ಬರುತ್ತಾನೆ, ಶಾಲೆಯಲ್ಲಿ ಬ್ಯಾರಿಯನ್ನು ಗೋಳು ಹೊಯ್ದುಕೊಂಡವನೇ. ಆಗ ಬ್ಯಾರಿಗೆ ಯಾರೂ ಎದೆ ಮುಟ್ಟಿ ತೋರಿಸಲಿಲ್ಲ, ಲೆಕ್ಕ ಹಾಕಿ ಕೊಟ್ಟರು. 5.3 ಮೈಲಿ ದೂರದಿಂದ ಓಡಿ ಬಾ, ಗಂಟೆಗೆ 837 ಮೈಲಿ ವೇಗ ಮುಟ್ಟಬೇಕು, ಶಬ್ದದ ವೇಗ ದಾಟಿದ ಮೇಲೆ ಗುದ್ದು. ಬ್ಯಾರಿ ಓಡಿದ, ದಾಟಿದ, ಗುದ್ದಿದ. ಆ ಲೆಕ್ಕ ನಿಜವಾದ ವಿಜ್ಞಾನಿಯ ಮುಂದೆ ನಿಲ್ಲುತ್ತದೋ ಇಲ್ಲವೋ ಬೇರೆ ಮಾತು. ಲೆಕ್ಕ ಅಂತ ಒಂದಿತ್ತಲ್ಲ! ಆ ಸೀಸನ್ನಿನ ಕೊನೆಯಲ್ಲಿ ಅವನು ಕಾಲದಲ್ಲಿ ಹಿಂದಕ್ಕೆ ಓಡಿ, ತಾಯಿಯ ಕೊಲೆಯಾಗುವ ರಾತ್ರಿಗೆ ತಲುಪಿ, ತಡೆಯಬಹುದಾದರೂ ತಡೆಯದೆ, ಸಾಯುತ್ತಿರುವ ತಾಯಿಯ ಪಕ್ಕ ಕೂತು ಬೀಳ್ಕೊಟ್ಟು ಬರುತ್ತಾನೆ. ಅದನ್ನು ನೋಡಿ ಕಣ್ಣು ಒದ್ದೆಯಾಗದವರಿಗೆ ಈ ಅಂಕಣದಲ್ಲಿ ಕೆಲಸವಿಲ್ಲ. ಮೊದಲ ಕಂತನ್ನು ಪ್ರಸಾರವಾದ ರಾತ್ರಿಯೇ ಸುಮಾರು 48 ಲಕ್ಷ ಜನ ನೋಡಿದ್ದರು. ಸಿಡಬ್ಲ್ಯೂ ಎಂಬ ಸಣ್ಣ ಚಾನೆಲ್‌ಗೆ ಅದು ಹಬ್ಬ.

ಆಮೇಲೆ ಕಂಪನಿಯ ಲೆಕ್ಕಿಗನಿಗೆ ಒಂದು ಸತ್ಯ ಹೊಳೆದಿರಬೇಕು. ಓಟಕ್ಕೆ ದುಡ್ಡು ಬೇಕು. ಮಿಂಚು, ಕಿಡಿ, ಒಡೆಯುವ ಗಾಜು, ಗೋಡೆ ಹತ್ತುವ ಕಾಲು, ಎಲ್ಲ ಗ್ರಾಫಿಕ್ಸು, ಎಲ್ಲಕ್ಕೂ ಬಿಲ್ಲು. ಕಾರಿಡಾರಿನಲ್ಲಿ ನಿಂತು ಅಳುವುದಕ್ಕೆ ಬಿಲ್ಲಿಲ್ಲ. ಸೆಟ್ಟು ಒಮ್ಮೆ ಹಾಕಿದ್ದು, ಕಣ್ಣೀರು ನಟರ ಸ್ವಂತದ್ದು. ಮೊದಲ ನಾಲ್ಕು ವರ್ಷ ವರ್ಷಕ್ಕೆ 23 ಕಂತು. ಅಷ್ಟೂ ಕಂತುಗಳಲ್ಲಿ ಓಡಿಸಿದರೆ ಮನೆಮಠ ಮಾರಬೇಕಾಗುತ್ತದೆ. ಹೀಗಾಗಿ ಜಗತ್ತಿನ ಅತಿ ವೇಗದ ಮನುಷ್ಯ ನಿಂತ. ನಿಂತವನು ಮಾತಾಡಿದ. ಮಾತಾಡತೊಡಗಿದವನು ಒಂಬತ್ತು ಸೀಸನ್, 184 ಕಂತು ಮಾತಾಡಿದ. ನಮ್ಮ ಮೆಗಾ ಧಾರಾವಾಹಿಗಳನ್ನು ಆಡಿಕೊಳ್ಳುವವರು ದಯವಿಟ್ಟು ಇದನ್ನೂ ಒಮ್ಮೆ ನೋಡಬೇಕು. ನಮ್ಮ ಅತ್ತೆ ಸೊಸೆಯರು ಹಾಲ್‌ನಲ್ಲಿ ನಿಂತು ಮಾತಾಡುತ್ತಾರೆ ನಿಜ, ಆದರೆ ತಾವು ಶಬ್ದಕ್ಕಿಂತ ವೇಗವಾಗಿ ಓಡುತ್ತೇವೆಂದು ಯಾರಿಗೂ ಮಾತು ಕೊಟ್ಟವರಲ್ಲ.

ಖಳರ ಕತೆ ಹೇಳಬೇಕು. ಮೊದಲ ವರ್ಷ ಹಳದಿ ಬಟ್ಟೆಯ ಥಾನ್, ಎರಡನೇ ವರ್ಷ ಕಪ್ಪು ಬಟ್ಟೆಯ ಝೂಮ್, ಮೂರನೇ ವರ್ಷ ಉಕ್ಕಿನ ಕವಚದ ಸವಿತಾರ್. ಮೂವರೂ ಓಟಗಾರರೇ. ಮೂರನೆಯವನ ಹೆಸರು ಕೇಳಿ ನಮ್ಮಲ್ಲಿ ಕೆಲವರಿಗಾದರೂ ಮೈ ಜುಮ್ಮೆಂದಿರಬೇಕು, ಗಾಯತ್ರಿ ಮಂತ್ರದ ದೇವರೇ ಅಮೆರಿಕದ ಬೀದಿಯಲ್ಲಿ ಖಳನಾಗಿ ನಿಂತಿದ್ದಾನಲ್ಲ! ಕವಚ ಬಿಚ್ಚಿದರೆ ಒಳಗಿರುವವನು ಭವಿಷ್ಯದ ಇನ್ನೊಬ್ಬ ಬ್ಯಾರಿ. ಅವನ ದುಃಖ ಏನೆಂದರೆ, ಗೆಳೆಯರು ತನ್ನನ್ನು ಗುಂಪಿಗೆ ಸೇರಿಸಿಕೊಳ್ಳಲಿಲ್ಲ. ಅದಕ್ಕಾಗಿ ಐರಿಸ್‌ಳನ್ನು ಕೊಲ್ಲಬೇಕು. ವಾಟ್ಸಾಪ್ ಗ್ರೂಪಿನಿಂದ ತೆಗೆದರೆಂದು ಮುನಿಸಿಕೊಂಡ ಸಂಬಂಧಿಕರನ್ನು ಕಂಡಿದ್ದೇವೆ. ದೇವರ ಪದವಿಗೆ ಏರಿದವರನ್ನು ಕಂಡಿರಲಿಲ್ಲ.

ಅದೇ ಮೂರನೇ ಸೀಸನ್ನಿನ ಶುರುವಿನಲ್ಲಿ 'ಫ್ಲ್ಯಾಶ್‌ಪಾಯಿಂಟ್' ಎಂಬ ದೊಡ್ಡ ಪ್ರಸಂಗ. ಬ್ಯಾರಿ ಮತ್ತೆ ಹಿಂದಕ್ಕೆ ಓಡಿ ಈ ಸಲ ತಾಯಿಯನ್ನು ಉಳಿಸಿಯೇಬಿಡುತ್ತಾನೆ, ಇಡೀ ಕಾಲವೇ ತಿರುವುಮುರುವು. ಕಾಮಿಕ್ಸ್ ಓದಿದವರು ಉಸಿರು ಬಿಗಿಹಿಡಿದು ಕೂತರು. ಆ ಬದಲಾದ ಜಗತ್ತು ಒಂದೇ ಕಂತಿನಲ್ಲಿ ಖಲಾಸ್. ಬೆಟ್ಟ ಅಗೆದರು, ಇಲಿ ಹಿಡಿದರು. ಪರಿಣಾಮ? ಗೆಳೆಯ ಸಿಸ್ಕೊನ ಅಣ್ಣ ಸತ್ತ. ಪಕ್ಕದ ಧಾರಾವಾಹಿಯಲ್ಲಿ ಡಿಗಲ್ ಎಂಬಾತನಿಗಿದ್ದ ಮಗಳು ಮಗನಾದಳು. ಈ ಸುದ್ದಿಯನ್ನು ಆ ತಂದೆಗೆ ಹೇಗೆ ತಿಳಿಸಬೇಕು? ಸರಿಯಾಗಿ ಊಹಿಸಿದಿರಿ, ಅದಕ್ಕೂ ಒಂದು ಮಾತುಕತೆ.

ಓಟಗಾರರೇ ಖಳರಾಗಿ ಬೇಸರವಾಯಿತೆಂದು ಜನ ದೂರಿದರು. ಸರಿ, ನಾಲ್ಕನೇ ವರ್ಷ ತೇಲುವ ಕುರ್ಚಿಯಲ್ಲಿ ಕೂತು ಯೋಚಿಸುವ ಖಳ ಬಂದ. ಆ ಸೀಸನ್ನಿನಲ್ಲಿ ಅಣುಬಾಂಬು ಸಿಡಿಯುವ ಒಂದು ಕಂತಿದೆ. ಸ್ಫೋಟ ಶುರುವಾದ ಕ್ಷಣದಲ್ಲಿ ಬ್ಯಾರಿ ಎಷ್ಟು ವೇಗ ಹೊಂದುತ್ತಾನೆಂದರೆ ಇಡೀ ಊರು ಚಿತ್ರದಂತೆ ನಿಲ್ಲುತ್ತದೆ, ಆ ಒಂದು ಕ್ಷಣದೊಳಗೇ ಕಂತು ನಡೆಯುತ್ತದೆ. ಅದು ಇಡೀ ಧಾರಾವಾಹಿಯ ಅತ್ಯುತ್ತಮ ಕಂತುಗಳಲ್ಲೊಂದು, ಅದರಲ್ಲಿ ತಮಾಷೆ ಮಾಡಲು ನನಗೇನೂ ಸಿಗಲಿಲ್ಲ.

ಆದರೆ ಮುಂದಿನ ವರ್ಷ? ಸಿಕಾಡ ಎಂಬ ಖಳ. ಅವನು ಓಡುವುದಿಲ್ಲ, ನಡೆಯುತ್ತಾನೆ. ಗೊರಗೊರ ಉಸಿರಾಡುತ್ತಾನೆ. ಕೈಯಲ್ಲೊಂದು ಕಠಾರಿ; ಅದು ಹತ್ತಿರವಿದ್ದರೆ ಬೇರೆಯವರ ಶಕ್ತಿ ನಡೆಯುವುದಿಲ್ಲ. ಹಿಂದಿನ ವರ್ಷವಷ್ಟೇ ಅಣುಸ್ಫೋಟವನ್ನು ನಿಲ್ಲಿಸಿದ್ದ ಬ್ಯಾರಿಗೆ ಈ ಗಂಟಲು ಕೆಟ್ಟ ಮನುಷ್ಯನನ್ನು ಹಿಡಿಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ದೂರದಿಂದ ಒಂದು ಕಲ್ಲು ಬೀಸಿ ನೋಡೋಣ ಎಂದು ಆ ಪ್ರಯೋಗಾಲಯದ ವಿಜ್ಞಾನಿಗಳಲ್ಲಿ ಒಬ್ಬರಿಗೂ ಅನ್ನಿಸುವುದಿಲ್ಲ. ಬ್ಯಾರಿಯ ಯುದ್ಧತಂತ್ರವೂ ಅಷ್ಟರಲ್ಲಿ ಗಟ್ಟಿಯಾಗಿತ್ತು: ಮಿಂಚಿನಂತೆ ಬರುವುದು, ಖಳನ ಎದುರು ಹತ್ತಡಿ ದೂರದಲ್ಲಿ ಗಕ್ಕನೆ ನಿಲ್ಲುವುದು, "ಇದೆಲ್ಲ ಬೇಡ" ಎಂದು ಬುದ್ಧಿ ಹೇಳುವುದು, ಆತ ನಿಧಾನಕ್ಕೆ ಆಯುಧ ಎತ್ತಿ ಗುರಿಯಿಟ್ಟು ಹೊಡೆಯುವವರೆಗೆ ಕದಲದೆ ನಿಂತು ಗಾಳಿಯಲ್ಲಿ ಹಾರಿ ಬೀಳುವುದು.

ಮಧ್ಯೆ ಸ್ಟಾರ್ ಲ್ಯಾಬ್ಸ್‌ನ ನೆಲಮಾಳಿಗೆಯನ್ನೂ ನೋಡಿಬಿಡೋಣ. ಅಲ್ಲಿ ಹಿಡಿದು ತಂದ ಖಳರನ್ನು ಗಾಜಿನ ಗೂಡುಗಳಲ್ಲಿ ಕೂಡಿಹಾಕುತ್ತಾರೆ. ಎಫ್‌ಐಆರ್ ಇಲ್ಲ, ವಕೀಲರಿಲ್ಲ, ಜಾಮೀನಿಲ್ಲ, ಶೌಚಾಲಯ ಕಂಡ ನೆನಪು ನನಗಂತೂ ಇಲ್ಲ. ಹೀಗೆ ಕೂಡಿಹಾಕುವ ಮನೆಮಂದಿ ಯಾರು ಎಂದರೆ ಒಬ್ಬರು ಪೊಲೀಸ್ ಡಿಟೆಕ್ಟಿವ್, ಒಬ್ಬ ಫೊರೆನ್ಸಿಕ್ ತಜ್ಞ, ಒಬ್ಬಳು ಪತ್ರಕರ್ತೆ. ಆಮೇಲೆ ಬಂದು ಸೇರಿದ ಸಿಸಿಲ್ ಜಿಲ್ಲಾ ಸರ್ಕಾರಿ ವಕೀಲೆ! ಪಾಪ, ಆಕೆಗೆ ಕಾನೂನು ನೆನಪಾಗಲು ಪುರುಸೊತ್ತೆಲ್ಲಿ? ಬಸುರಿಯಾದಾಗ ಬೇರೆಯವರ ಮನಸ್ಸಿನ ಮಾತು ಕೇಳಿಸತೊಡಗಿತು. ಹೆರಿಗೆಯಾದ ಮೇಲೂ ಅದು ನಿಲ್ಲಲಿಲ್ಲ. ವರ್ಷವರ್ಷ ಬೆಳೆಯುತ್ತ ಹೋಗಿ ಕೊನೆಯ ಸೀಸನ್ನಿನಲ್ಲಿ ವಕೀಲಮ್ಮ ಬಟ್ಟೆ ತೊಟ್ಟು 'ವರ್ಚ್ಯೂ' ಎಂಬ ಸೂಪರ್‌ಹೀರೋ ಆದರು. ಆ ಕಟ್ಟಡದಲ್ಲಿ ಶಕ್ತಿ ಬರದೇ ಉಳಿದದ್ದು ಕಾಫಿ ಯಂತ್ರಕ್ಕೆ ಮಾತ್ರ ಇರಬೇಕು.

ಆರನೇ ಸೀಸನ್ನಿಗೆ ಎರಿಕ್ ವಾಲೆಸ್ ಚುಕ್ಕಾಣಿ ಹಿಡಿದರು. ಸೀಸನ್ನನ್ನು ತುಂಡು ಮಾಡಿ ಒಂದೊಂದು ತುಂಡನ್ನೂ 'ಗ್ರಾಫಿಕ್ ನಾವೆಲ್' ಎಂದು ಕರೆದರು. ಬಸ್ಸಿನ ಬೋರ್ಡು ಬದಲಾಯಿತು, ರೂಟು ಅದೇ. ಧಾರಾವಾಹಿಯ ಮೊಟ್ಟಮೊದಲ ಕಂತಿನಲ್ಲೇ 2024ರ ಏಪ್ರಿಲ್ 25ರ ಪತ್ರಿಕೆಯೊಂದನ್ನು ತೋರಿಸಿ, ಮಹಾಸಂಕಟದಲ್ಲಿ ಫ್ಲ್ಯಾಶ್ ಕಣ್ಮರೆಯಾಗುತ್ತಾನೆಂದು ಹೆದರಿಸಿದ್ದರಲ್ಲ, ಆ ಸಂಕಟ 2019ರ ಡಿಸೆಂಬರಿಗೇ ಬಂತು. ಇಡೀ ಧಾರಾವಾಹಿಯಲ್ಲಿ ನಿಗದಿಗಿಂತ ಬೇಗ ತಲುಪಿದ್ದು ಅದೊಂದೇ. ಬಂದು ಮಾಡಿದ್ದೇನು? ಸಾಯಬೇಕಾದ ಬ್ಯಾರಿ ಸಾಯಲಿಲ್ಲ; 1990ರ ಹಳೇ ಧಾರಾವಾಹಿಯ ಫ್ಲ್ಯಾಶ್ ಅವನ ಬದಲಿಗೆ ಸತ್ತ. ಹಿರಿಯರು ಸೀಟು ಬಿಟ್ಟುಕೊಟ್ಟರು.

ಇನ್ನು ಏಳನೇ ಸೀಸನ್ನು. ಸ್ಪೀಡ್ ಫೋರ್ಸ್ ಎಂಬ ವೇಗದ ಮೂಲಶಕ್ತಿ ಬ್ಯಾರಿಯ ಸತ್ತ ತಾಯಿಯ ರೂಪದಲ್ಲಿ ಮನೆಗೇ ಬಂದು ಕೂರುತ್ತದೆ. ಜೊತೆಗೆ ಇನ್ನೂ ಮೂರು ಶಕ್ತಿಗಳು ಹುಟ್ಟುತ್ತವೆ. ಬ್ಯಾರಿ ಐರಿಸ್ ದಂಪತಿ ಇವನ್ನೆಲ್ಲ ತಮ್ಮ ಮಕ್ಕಳೆಂದು ಭಾವಿಸುತ್ತಾರೆ. ತಾಯಿಯ ರೂಪದ್ದೂ ಮಗುವೇ ಆದರೆ ಸಂಬಂಧ ಏನಾಯಿತೆಂದು ಲೆಕ್ಕ ಹಾಕಲು ಕೂತ ನಾನು ಅರ್ಧಕ್ಕೇ ಎದ್ದೆ. ಸೀಸನ್ನಿನ ಕೊನೆಯ ಕಂತಿನಲ್ಲಿ, 2021ರ ಜುಲೈನಲ್ಲಿ, ಗಾಡ್‌ಸ್ಪೀಡ್ ಎಂಬ ಬಿಳಿ ಬಟ್ಟೆಯವನನ್ನು ಎದುರಿಸಲು ಬ್ಯಾರಿಗೆ ಜೊತೆ ಬೇಕಾಗುತ್ತದೆ. ಹಳೇ ಗಂಡನ ಪಾದವೇ ಗತಿ, ಮತ್ತೆ ಥಾನ್ ಬರುತ್ತಾನೆ. ತಾಯಿಯನ್ನು ಕೊಂದವನು ಮತ್ತು ಮಗ, ಹೆಗಲಿಗೆ ಹೆಗಲು. ಆ ಮೇಲೆ ನಡೆದದ್ದನ್ನು ಕಣ್ಣಾರೆ ಕಂಡಿದ್ದರಿಂದ ಹೇಳುತ್ತಿದ್ದೇನೆ: ಮೂವರೂ ಮಿಂಚನ್ನು ಕೈಯಲ್ಲಿ ಹಿಡಿದು ಕತ್ತಿ ಮಾಡಿಕೊಂಡರು. ಸಾಲಾಗಿ ನಿಂತು ಠಣಠಣ ಕತ್ತಿವರಸೆ ಆಡಿದರು. ಕ್ಷಣಾರ್ಧದಲ್ಲಿ ಖಂಡ ದಾಟಬಲ್ಲವರು ಒಂದು ಪಾರ್ಕಿಂಗ್ ಲಾಟಿನಷ್ಟು ಜಾಗದಲ್ಲಿ ಹೆಜ್ಜೆ ಎಣಿಸಿ ಕತ್ತಿ ತಾಗಿಸುತ್ತಿದ್ದರು. ಅದು ಮುಗಿದದ್ದೇ ತಡ, ಅದೇ ಕಂತಿನಲ್ಲಿ ಬ್ಯಾರಿಗೂ ಐರಿಸ್‌ಗೂ ಇನ್ನೊಂದು ಸಲ ಮದುವೆಯ ಪ್ರತಿಜ್ಞೆ. ಖರ್ಚು ಮಾಡಿ ಜನ ಸೇರಿಸಿದ್ದಾಗಿದೆ, ಮತ್ತೇಕೆ ಬಿಡಬೇಕು!

ನೋಡುವವರು ಆಗಲೇ ಹತ್ತು ಲಕ್ಷಕ್ಕಿಂತ ಕೆಳಗಿಳಿದಿದ್ದರು. ಹಾಗಾದರೆ ಇದು ನಿಲ್ಲಲಿಲ್ಲವೇಕೆ? ನಿಜವಾದ ಸೂಪರ್‌ಪವರ್ ಇರುವುದು ಇಲ್ಲಿ. ಸಿಡಬ್ಲ್ಯೂ ಚಾನೆಲ್ ಹುಟ್ಟಿದಾಗಿನಿಂದ ಲಾಭ ಕಂಡದ್ದಲ್ಲ. ಅದರ ಒಡೆಯರಾದ ವಾರ್ನರ್ ಬ್ರದರ್ಸ್ ಮತ್ತು ಸಿಬಿಎಸ್‌ಗೆ ಅದರ ಚಿಂತೆಯೂ ಇರಲಿಲ್ಲ. ಧಾರಾವಾಹಿ ತಯಾರಿಸುವವರೂ ಅವರೇ, ಮಾರುವವರೂ ಅವರೇ. 2011ರಲ್ಲಿ, ಮತ್ತೆ 2016ರಲ್ಲಿ ನೆಟ್‌ಫ್ಲಿಕ್ಸ್ ಜೊತೆ ಒಪ್ಪಂದವಾಗಿತ್ತು. ಎರಡನೆಯದರ ಪ್ರಕಾರ ಸೀಸನ್ ಮುಗಿದು ಎಂಟು ದಿನಕ್ಕೆ ಅಷ್ಟೂ ಕಂತು ಅಮೆರಿಕದ ನೆಟ್‌ಫ್ಲಿಕ್ಸ್‌ಗೆ. ವಿದೇಶಿ ಮಾರಾಟ ಬೇರೆ. ಅಂದರೆ ಮಂಗಳವಾರ ರಾತ್ರಿ ಎಂಟಕ್ಕೆ ಟೀವಿ ಮುಂದೆ ಯಾರು ಕೂತಿದ್ದರು ಎಂಬುದು ಮುಖ್ಯವಲ್ಲ, ಗೋದಾಮಿನಲ್ಲಿ ಎಷ್ಟು ಕಂತು ಪೇರಿಸಿದೆ ಎಂಬುದು ಮುಖ್ಯ. 2020ರ ಜನವರಿಯಲ್ಲಿ ಆ ಚಾನೆಲ್ ಒಂದೇ ದಿನ 13 ಧಾರಾವಾಹಿಗಳಿಗೆ ಮುಂದಿನ ವರ್ಷದ ಚೀಟಿ ಹರಿದುಕೊಟ್ಟಿತು. ಪರೀಕ್ಷೆಯಿಲ್ಲದೆ ಎಲ್ಲರೂ ಪಾಸು. ಇಂಥ ವ್ಯವಸ್ಥೆಯಲ್ಲಿ ಚೆನ್ನಾಗಿ ಬರೆಯುವವನೇ ದಡ್ಡ, ಉದ್ದ ಬರೆಯುವವನು ಜಾಣ. ಹನುಮಂತನ ಬಾಲಕ್ಕೆ ಬೆಂಕಿ ಬಿದ್ದಾಗಲಾದರೂ ಅದು ಬೆಳೆಯುವುದು ನಿಂತಿತ್ತು.

ಇಲ್ಲಿ ಬೆಂಕಿ ಇಡುವವರು 2022ರ ಅಕ್ಟೋಬರಿನಲ್ಲಿ ಬಂದರು. ನೆಕ್ಸ್‌ಸ್ಟಾರ್ ಎಂಬ ಕಂಪನಿ ಚಾನೆಲ್‌ನ ಮುಕ್ಕಾಲು ಪಾಲು ಕೊಂಡಿತು. ಅದಕ್ಕೆ ನೆಟ್‌ಫ್ಲಿಕ್ಸ್ ಗೋದಾಮಿನಲ್ಲಿ ಪಾಲಿಲ್ಲ, ಚಾನೆಲ್ಲೇ ದುಡಿಯಬೇಕು. ಅಷ್ಟರಲ್ಲಿ ಫ್ಲ್ಯಾಶ್‌ಗೆ 13 ಕಂತಿನ ಕೊನೆಯ ಸೀಸನ್ ಎಂದು ಗೊತ್ತಾಗಿತ್ತು. ಕೊನೆಯ ಖಳನಾಗಿ ಯಾರನ್ನು ಎಬ್ಬಿಸಿ ತಂದರು ಗೊತ್ತೇ? ಎಡಿಯನ್ನು. ತನ್ನ ವಂಶದಲ್ಲಿ ಹುಟ್ಟಲಿರುವ ಥಾನ್ ಹುಟ್ಟದಿರಲೆಂದು ಮೊದಲ ಸೀಸನ್ನಿನಲ್ಲಿ ತನ್ನೆದೆಗೆ ತಾನೇ ಗುಂಡು ಹಾರಿಸಿಕೊಂಡ ಎಡಿ. ಧಾರಾವಾಹಿಯ ಅತಿ ದೊಡ್ಡ ತ್ಯಾಗವನ್ನು ಎಂಟು ವರ್ಷದ ನಂತರ ವಾಪಸ್ ಪಡೆದರು. ಅವನನ್ನು ಬ್ಯಾರಿ ಸೋಲಿಸಿದ್ದು ಓಡಿಯಲ್ಲ, ಗುದ್ದಿಯಲ್ಲ. ಈ ಜಗಳ ಸಾಕು ಎಂದು ಮಾತಾಡಿ ಒಪ್ಪಿಸಿದ. ಕಾರಿಡಾರು ಕಾಲು ಬೆಳೆಸಿಕೊಂಡು ರಣರಂಗಕ್ಕೇ ಬಂದಿತ್ತು.

ಆ ಸೀಸನ್ ಶುರುವಾದದ್ದು 2023ರ ಫೆಬ್ರವರಿಯಲ್ಲಿ. ಅದೇ ತಿಂಗಳು ಅದೇ ಚಾನೆಲ್‌ನಲ್ಲಿ ಇನ್ನೊಂದು ಹೊಸ ಕಾರ್ಯಕ್ರಮವೂ ಶುರುವಾಯಿತು: ಎಲ್‌ಐವಿ ಗಾಲ್ಫ್. ಬಿಳಿ ಟೋಪಿ ಹಾಕಿದವರು ಹುಲ್ಲಿನ ಮೇಲೆ ನಿಧಾನಕ್ಕೆ ನಡೆಯುತ್ತಾರೆ, ನಿಲ್ಲುತ್ತಾರೆ, ಯೋಚಿಸುತ್ತಾರೆ, ಮತ್ತೆ ನಡೆಯುತ್ತಾರೆ. ಯಾರೂ ಎದೆ ಮುಟ್ಟಿ ತೋರಿಸುವುದಿಲ್ಲ. ಚೆಂಡಾದರೂ ಆಗಾಗ ವೇಗವಾಗಿ ಹೋಗುತ್ತದೆ.