ಸತ್ತ ತಾರೀಖು ಬರೆದಿರಿ, ಬದುಕಿದ್ದನ್ನು ಎಲ್ಲಿ ಬರೆದಿರಿ?

ನಮ್ಮ ಕಲಬುರಗಿ ಕಡೆಯ ಸೇಡಂ ರಸ್ತೆಯ ಬಸ್ ಸ್ಟ್ಯಾಂಡ್ ಎದುರು ಇವತ್ತು ಮತ್ತೊಂದು ಬ್ಯಾನರ್ ಎದ್ದಿದೆ. ಎಂಬತ್ತು ದಾಟಿದ ಆಯಿ. ಆಧಾರ್ ಕಾರ್ಡಿನ ಫೋಟೋ ಕತ್ತರಿಸಿ ದೊಡ್ಡದು ಮಾಡಿದ್ದಾರೆ, ಮುಖ ಎಲ್ಲ ಚೌಕ ಚೌಕ ಒಡೆದು ಹೋಗಿದೆ. ಮೇಲೆ "ಭಾವಪೂರ್ಣ ಶ್ರದ್ಧಾಂಜಲಿ". ಕೆಳಗೆ ಜನನ 01-01-1942, ಮರಣದ ತಾರೀಖು, "ದಿ. ಇಂಥವರ ಧರ್ಮಪತ್ನಿ". ಅದರ ಕೆಳಗೆ ಶೋಕತಪ್ತರು ಅಂತ ಹದಿನಾಲ್ಕು ಮಂದಿಯ ಫೋಟೋ, ಅವರಲ್ಲಿ ಇಬ್ಬರು ಮುಖಂಡರ ಮುಖ ಆಯಿಯ ಮುಖಕ್ಕಿಂತ ದೊಡ್ಡದು. ಆ ಹೆಣ್ಣುಮಗಳು ಎಂಬತ್ತು ವರ್ಷ ಏನು ಮಾಡಿದಳು ಅಂತ ಒಂದೇ ಒಂದು ಅಕ್ಷರ ಇಲ್ಲ.

ಸಿಟ್ಟು ಬಂದಿದೆ. ಸಿಟ್ಟಿನಲ್ಲೇ ಬರೀತಿದ್ದೇನೆ.

ಆಕೆ ಏನು ಮಾಡಿದಳು ಅಂತ ಊರಿಗೆ ಗೊತ್ತು. ನಮ್ಮೂರ ಎಷ್ಟೋ ಮನೆಗಳಿಗೆ ತೊಗರಿ ಬಿತ್ತನೆ ಬೀಜ ಆಕೆಯ ಮಡಿಕೆಯಿಂದಲೇ ಹೋಗ್ತಿತ್ತು. ಬೆಳೆ ಹೊಲದಾಗ ನಿಂತಾಗಲೇ ನೋಡಿ, ಕಾಯಿ ತುಂಬಿದ ಗಿಡಕ್ಕೆ ಅರಿಬಿ ಚಿಂದಿ ಕಟ್ಟೋದು. ಆ ಗಿಡ ಬೇರೆ ಕೊಯ್ಯೋದು, ಬೇರೆ ಬಡಿಯೋದು, ರಾಶಿಯಲ್ಲಿ ಕೂಡಿಸಬಾರದು. ಬಿಸಿಲಿಗೆ ಹಾಕಿ ಹಲ್ಲಲ್ಲಿ ಕಡಿದು ನೋಡೋದು. ಟಕ್ ಅಂತ ಒಡೆದರೆ ಒಣಗಿದೆ, ಹಲ್ಲು ಒಳಗೆ ಇಳಿದರೆ ಇನ್ನೂ ಬಿಸಿಲು ಬೇಕು. ಸೋಸಿದ ಒಲೆ ಬೂದಿ ಬೆರೆಸಿ, ನೆರಳಲ್ಲಿ ಒಣಗಿಸಿದ ಬೇವಿನ ಎಲೆ ಹಾಕಿ, ಮಡಿಕೆ ಬಾಯಿಗೆ ಸೆಗಣಿ-ಮಣ್ಣು ಮೆತ್ತೋದು. ಬೂದಿ ಬಿಸಿ ಇದ್ದರೆ ಮೊಳಕೆ ಸಾಯುತ್ತೆ. ಎಲೆ ಹಸಿ ಇದ್ದರೆ ಬೂಸು ಹಿಡಿಯುತ್ತೆ. ಬೂದಿ ಕಡಿಮೆ ಆದರೆ ಮಳೆಗಾಲದೊಳಗೆ ಕಾಳಿಗೆಲ್ಲ ನುಸಿ ತೂತು. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ (ಇದು ಈ ನೆಲದ್ದೇ ವಿಶೇಷ ಬೆಳೆ ಅನ್ನುವ ಭೌಗೋಳಿಕ ಗುರುತು) ಮನ್ನಣೆ ಸಿಕ್ಕಿತು ಅಂತ ಸ್ಟೇಟಸ್ ಹಾಕಿಕೊಂಡೆವು. ಆ ತೊಗರಿಯ ಬೀಜ ಕಾಯ್ದುಕೊಂಡು ಬಂದವಳ ಬ್ಯಾನರ್ ಮೇಲೆ "ಧರ್ಮಪತ್ನಿ" ಅಂತ ಬರೆದು ಕೈ ತೊಳೆದುಕೊಂಡೆವು.

ಇನ್ನು ಆ 01-01. ನಮ್ಮ ಕಡೆ ಒಂದು ಪೀಳಿಗೆ ಪೂರ್ತಿ ಜನವರಿ ಒಂದಕ್ಕೇ ಹುಟ್ಟಿದೆ, ಶಾಲೆಗೆ ಹೋದವರು ಜೂನ್ ಒಂದಕ್ಕೆ. ಹೆರಿಗೆ ಮನೆಯಲ್ಲೇ, ಬರೆದಿಟ್ಟವರು ಯಾರೂ ಇಲ್ಲ. ಕಾರ್ಡು ಮಾಡುವವನು ಮುಖ ನೋಡಿ ವಯಸ್ಸು ಹೇಳಿದ, ಹೆಡ್ ಮಾಸ್ತರರು ಶಾಲೆಗೆ ಸೇರಿಸುವ ವಯಸ್ಸಿಗೆ ಹೊಂದುವಂತೆ ಹಾಕಿದರು. ಅದು ಅವತ್ತಿನ ಅನಿವಾರ್ಯ. ಆದರೆ ಸತ್ತ ಮೇಲೂ ಅದೇ ಸುಳ್ಳನ್ನು ನಾಲ್ಕು ಅಡಿ ಅಗಲಕ್ಕೆ ಅಚ್ಚು ಹಾಕಿಸಬೇಕೇ? ಸ್ವಲ್ಪ ಕೂತು ಕೇಳಿದರೆ ನಿಜಕ್ಕೆ ಹತ್ತಿರ ಹೋಗಬಹುದು. ಇದೇ ಆಯಿ "ರಜಾಕಾರರ ಗದ್ದಲದಾಗ ತಮ್ಮನ್ನ ಕಂಕುಳಾಗ ಹೊತ್ಕೊಂಡು ಜ್ವಾಳದ ಹೊಲದಾಗ ಅಡಗಿದ್ದೆ" ಅಂತ ಎಲ್ಲರೆದುರೂ ಹೇಳ್ತಿದ್ದಳು. ರಜಾಕಾರರು ಅಂದರೆ ನಿಜಾಮರ ಪರ ನಿಂತ ಖಾಸಗಿ ಪಡೆ. ಆ ಗದ್ದಲ ಮುಗಿದದ್ದು 1948ರ ಸೆಪ್ಟೆಂಬರಿನ ಪೊಲೀಸ್ ಆಕ್ಷನ್‌ಗೆ, ಅಂದರೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂದಾಗ. ಕೂಸನ್ನು ಹೊತ್ತು ಓಡುವ ಹುಡುಗಿಗೆ ಏನಿಲ್ಲವೆಂದರೂ ಎಂಟು ವರ್ಷ ಆಗಿರಬೇಕು. ಅಂದರೆ 1940ರಲ್ಲೋ ಅದಕ್ಕೂ ಮೊದಲೋ ಹುಟ್ಟಿದಳು. ಕಾರ್ಡಿನ ಲೆಕ್ಕ ಸುಳ್ಳು, ಆಕೆಯ ಬಾಯಿಮಾತು ನಿಜ.

ನಮ್ಮ ಭಾಗದ ಹಿರಿಯರ ಬದುಕು ಬರೆಯುವವರಿಗೆ ಇಂಥ ಗುರುತುಗಲ್ಲುಗಳು ಬೇಕೇ ಬೇಕು. ಹಾಲಿ ರೂಪಾಯಿ (ನಿಜಾಮರ ಸಂಸ್ಥಾನದ ನಾಣ್ಯ) ಕೈಯಲ್ಲಿ ಹಿಡಿದದ್ದು ನೆನಪಿದ್ದವರು ನಿಜಾಮರ ಕಾಲ ಕಂಡವರು, ಇಲ್ಲವೇ ಅದರ ಬಾಲ ಕಂಡವರು. 1956ರ ನವೆಂಬರಿನಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ಶಾಲೆ ಕಲಿತ ಗಂಡಸರು ಬಿಟ್ಟರೆ ಬೇರೆಯವರು ಹೇಳೋದು ಕಡಿಮೆ, ಅದರ ಮೇಲೆ ಭಾರ ಹಾಕಬೇಡಿ. 1972ರ ಬರಗಾಲ ಮಾತ್ರ ಎಲ್ಲರಿಗೂ ನೆನಪು. ಮದುವೆ ಬರಕ್ಕೆ ಮೊದಲೋ ಆಮೇಲೋ ಅಂತ ಕೇಳಿದರೆ ಥಟ್ಟನೆ ಉತ್ತರ ಬರುತ್ತೆ. 1980ರ ಫೆಬ್ರವರಿ 16, ಮಧ್ಯಾಹ್ನ ಕತ್ತಲು ಕವಿದ ಸೂರ್ಯಗ್ರಹಣ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಮಲಗಿದ ರಾತ್ರಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ, ಬೆಳಗಿನ ನಾಲ್ಕರ ಹೊತ್ತಿಗೆ ಎಲ್ಲರೂ ಅಂಗಳಕ್ಕೆ ಓಡಿ ಬಂದದ್ದು. ಆ ರಾತ್ರಿ ಯಾವ ಕೂಸು ತೊಡೆಯ ಮೇಲಿತ್ತು, ಎಷ್ಟು ದೊಡ್ಡದಿತ್ತು ಅಂತ ಕೇಳಿ. ಹೆರಿಗೆಯ ವರ್ಷ ಸಿಗುತ್ತೆ, ಅಲ್ಲಿಂದ ಹಿಂದಕ್ಕೆ ಹೋದರೆ ಮದುವೆಯ ವರ್ಷ ಸಿಗುತ್ತೆ. ಸಿಕ್ಕ ವರ್ಷದ ಮುಂದೆ "ಸುಮಾರು" ಅಂತ ಬರೆಯೋದನ್ನು ಮರೀಬೇಡಿ.

ಸರ್ಕಾರ ಬರೆಯಲ್ವಾ ಅಂತ ಕೇಳ್ತೀರಿ. ಬರೆಯುತ್ತೆ, ತನಗೆ ಬೇಕಾದಷ್ಟು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಅಷ್ಟರಲ್ಲಿ ಮಾಡಿಸಿದರೆ ಶುಲ್ಕ ಇಲ್ಲ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕೆ ಎಲ್ಲರೂ ಓಡ್ತಾರೆ, ಓಡಲೇಬೇಕು, ಪೌತಿ ಖಾತೆ, ಬ್ಯಾಂಕು, ವಿಮೆ ಎಲ್ಲ ಆ ಕಾಗದದ ಮೇಲೆ ನಿಂತಿವೆ. ಆದರೆ ಆ ಅರ್ಜಿಯ ಉದ್ಯೋಗದ ಜಾಗದಲ್ಲಿ ಐವತ್ತು ವರ್ಷ ಹೊಲದಲ್ಲಿ ಸೊಂಟ ಬಗ್ಗಿಸಿದವಳಿಗೂ "ಮನೆಗೆಲಸ" ಅಂತಲೇ ಬರೆಸ್ತೀವಿ. ವಂಶವೃಕ್ಷದಲ್ಲಿ ಆಕೆ ಯಾರ ಹೆಂಡತಿ, ಯಾರ ತಾಯಿ ಅನ್ನೋದು ಇರುತ್ತೆ. ತವರೂರು ಯಾವುದು, ಮದುವೆಯಲ್ಲಿ ಹೆಸರು ಬದಲಾಗಿದ್ದರೆ ಮೊದಲಿನ ಹೆಸರೇನು, ಅದು ಯಾವ ಕಾಗದದಲ್ಲೂ ಇಲ್ಲ. ಆಕೆಯ ಅಕ್ಕತಂಗಿಯರು ಹೋದರೆ ಮುಗಿಯಿತು, ಆ ಹೆಸರನ್ನು ಹೇಳುವ ಬಾಯಿ ಭೂಮಿ ಮೇಲೆ ಇರಲ್ಲ.

ಹಾಗಾಗಿ ಬರೆಯಬೇಕಾದವರು ನಾವು. ಕೆಲಸ ದೊಡ್ಡದಲ್ಲ, ಹೊತ್ತು ತಪ್ಪಬಾರದು ಅಷ್ಟೇ. ಮಣ್ಣಾದ ದಿನ ಯಾರನ್ನೂ ಏನೂ ಕೇಳಬೇಡಿ. ಮೂರನೇ ದಿನ ಹಾಲು-ತುಪ್ಪ ಬಿಡುವಾಗಲೂ ದುಃಖ ಹಸಿ ಇರುತ್ತೆ. ಐದನೇ ದಿನದಿಂದ ದಿನಕರ್ಮ ಮುಗಿಯುವ ತನಕ, ಮನೆಯಲ್ಲಿ ಬೀಗರು, ಹೆಣ್ಣುಮಕ್ಕಳು ಉಳಿದುಕೊಂಡಿರುವ ಆ ನಾಲ್ಕಾರು ದಿನ ಇದೆಯಲ್ಲ, ಅದೇ ಸಮಯ. ಸಂಜೆ ಮುಂದೆ ಅವರೇ ಕೂತು ಹಳೇದು ಮಾತಾಡ್ತಿರ್ತಾರೆ. ಅದಾದ ಮೇಲೆ ಒಬ್ಬರು ಮುಂಬೈ, ಒಬ್ಬರು ಪುಣೆ, ಒಬ್ಬರು ಹೈದರಾಬಾದಿನ ಗಾಡಿ ಹತ್ತಿ ಹೋಗ್ತಾರೆ. ಮುಸಲ್ಮಾನರ ಮನೆಯಲ್ಲಿ ಮೂರನೇ ದಿನದ ಜಿಯಾರತ್ (ಗೋರಿಗೆ ಹೋಗಿ ಪ್ರಾರ್ಥಿಸುವುದು) ಆದ ಮೇಲೆ ನಲವತ್ತನೇ ದಿನಕ್ಕೆ ಮತ್ತೆ ಎಲ್ಲರೂ ಕೂಡ್ತಾರೆ, ಆಗ ಕೂತು ಮಾತಾಡಲು ಅನುಕೂಲ. ಬೌದ್ಧ ಮನೆಗಳಲ್ಲಿ ಪುಣ್ಯಾನುಮೋದನೆಯ ದಿನ ಸತ್ತವರ ಬಗ್ಗೆ ಎದ್ದು ನಿಂತು ಮಾತಾಡೋ ರೂಢಿಯೇ ಇದೆ. ಅಷ್ಟನ್ನು ಯಾರಾದರೂ ಬರೆದುಕೊಂಡರೆ ಅರ್ಧ ಕೆಲಸ ಆಯಿತು.

ಯಾರನ್ನು ಕೇಳಬೇಕು? ಎಲ್ಲರೂ ಹಿರಿಯ ಮಗನನ್ನು ಕೇಳ್ತಾರೆ, ಅಲ್ಲೇ ಕೆಡೋದು. ಮಗನಿಗೆ ತಾಯಿ ಗೊತ್ತು, ಹೆಣ್ಣುಮಗಳು ಗೊತ್ತಿಲ್ಲ. ಜೊತೆಗೆ ಕಳೆ ತೆಗೆದವರು, ಜೊತೆಗೆ ನೀರು ತಂದವರು, ತವರಿನ ತಂಗಿ, ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದ ಸೊಸೆ, ಇವರನ್ನು ಕೇಳಿ. ಗಂಡಸರ ಸುತ್ತು ಬಿಟ್ಟು ಅಡುಗೆ ಮನೆ ಕಡೆ ಕೂತು ಕೇಳಿ, ಇಲ್ಲವಾದರೆ ಆಕೆ ಬಾಯಿ ತೆಗೆಯೋದರೊಳಗೆ ಪಡಸಾಲೆಯಲ್ಲಿ ಕೂತವರು ಉತ್ತರ ಕೊಟ್ಟಿರ್ತಾರೆ. "ಅವರ ಬಗ್ಗೆ ಹೇಳ್ರಿ" ಅಂದರೆ "ದೇವರಂಥ ಮನುಷ್ಯಾ ಇದ್ದರ್ರಿ" ಅನ್ನೋದು ಬಿಟ್ಟು ಬೇರೆ ಬರಲ್ಲ. ಮುಂಜಾನೆ ಎದ್ದು ಮೊದಲು ಏನು ಮಾಡ್ತಿದ್ದರು ಅಂತ ಕೇಳಿ. ಯಾರ ಹೊಲದಲ್ಲಿ ದುಡಿದರು, ಪಗಾರ ಜೋಳದಲ್ಲೋ ರೊಕ್ಕದಲ್ಲೋ? ಊರು ಬಿಟ್ಟು ದುಡಿಯಲು ಹೋದದ್ದು ಯಾವಾಗ, ಅಲ್ಲಿ ಎಲ್ಲಿ ಮಲಗ್ತಿದ್ದರು? ಯಾವ ಪದ ಹಾಡ್ತಿದ್ದರು? ಹಂತಿ ಪದ, ಬೀಸುವ ಪದ, ಮೊಹರಮಿನ ರಿವಾಯತ್, ಏನಾದರೂ ಸರಿ, ಮೊದಲ ಎರಡು ಸಾಲಾದರೂ ಬರೆದುಕೊಳ್ಳಿ. ರಾಶಿ ಮಷಿನ್ ಬಂದು ಮೇಟಿ ಸುತ್ತ ಎತ್ತು ತಿರುಗೋದು ನಿಂತಿತು, ಎತ್ತಿನ ಹಿಂದೆ ರಾತ್ರಿಯೆಲ್ಲ ಹಂತಿ ಹಾಡುತ್ತಿದ್ದವರು ಒಬ್ಬೊಬ್ಬರಾಗಿ ಮಣ್ಣು ಸೇರ್ತಿದ್ದಾರೆ. ಆ ಹಾಡು ಇನ್ನೊಮ್ಮೆ ಹುಟ್ಟಲ್ಲ.

ಆಸ್ತಿ ಪಾಲು, ಸಾಲ, ಕೋರ್ಟು, ಇವನ್ನು ಮಾತ್ರ ಆ ದಿನಗಳಲ್ಲಿ ಎತ್ತಬೇಡಿ. ಒಂದು ಸಲ ಆ ಮಾತು ಬಂದರೆ ಮನೆಯವರು ನಿಮ್ಮ ಕೈಯಲ್ಲಿನ ಪುಸ್ತಕವನ್ನು ದಾವೆಯ ಸಾಕ್ಷಿ ಅಂತಲೇ ನೋಡ್ತಾರೆ, ಆಮೇಲೆ ಯಾರೂ ಏನೂ ಹೇಳಲ್ಲ.

ಬರೆಯಲು ಇನ್ನೂರು ಪುಟದ ದಪ್ಪ ರಟ್ಟಿನ ರಿಜಿಸ್ಟರ್ ಸಾಕು. ಬಾಲ್ ಪೆನ್ನಿನಿಂದ ಬರೀರಿ, ಜೆಲ್ ಪೆನ್ ಬೇಡ, ಒಂದು ಹನಿ ನೀರು ಬಿದ್ದರೆ ಸಾಲೆಲ್ಲ ಹರಡಿಹೋಗುತ್ತೆ. ಒಬ್ಬರಿಗೆ ಎರಡು ಎದುರುಬದುರು ಪುಟ, ಬಲಕ್ಕೆ ಬರಹ, ಎಡ ಖಾಲಿ. ಆಮೇಲೆ ಯಾರೋ ಬಂದು "ಹಂಗಲ್ರೀ, ಅದು ಹಿಂಗ" ಅಂತಾರಲ್ಲ, ಅದಕ್ಕೆ ಆ ಎಡ ಪುಟ. ಮೊದಲಿನದನ್ನು ಹೊಡೆದು ಹಾಕಬೇಡಿ, ಎರಡೂ ಇರಲಿ, ಹೇಳಿದವರ ಹೆಸರು ಪಕ್ಕದಲ್ಲಿರಲಿ. ಒಂದೊಂದು ಓಣಿಗೆ ನಾಲ್ಕು ಜನ ಶರಣಪ್ಪ, ಮೂರು ಜನ ಮೆಹಬೂಬ್ ಇರುವ ಊರು ನಮ್ಮದು, ಮನೆತನದ ಅಡ್ಡಹೆಸರು, ಓಣಿ ಬರೆಯದಿದ್ದರೆ ಇಪ್ಪತ್ತು ವರ್ಷಕ್ಕೆ ಯಾರದು ಯಾರಿಗೂ ತಿಳಿಯಲ್ಲ. ಬರೆದದ್ದನ್ನು ಮನೆಯವರ ಮುಂದೆ ಜೋರಾಗಿ ಓದಿ. ಅವರು ಬೇಡ ಅಂದದ್ದನ್ನು ತೆಗೆಯಿರಿ. ಒಂದು ಪ್ರತಿ ಮನೆಗೆ, ಒಂದು ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ.

ಫೋಟೋ ವಿಷಯದಲ್ಲಿ ಮನೆಮನೆಯಲ್ಲೂ ಒಂದೇ ಅನಾಹುತ. ಗೋಡೆಗೆ ಹಾಕಿದ ಹಳೆಯ ಚೌಕಟ್ಟಿನಲ್ಲಿ ಮಳೆಗಾಲದ ತೇವಕ್ಕೆ, ಹಸಿ ಹೂವಿನ ಹಾರದ ನೀರಿಗೆ ಫೋಟೋ ಗಾಜಿಗೆ ಅಂಟಿಕೊಂಡಿರುತ್ತೆ. ಸ್ಟುಡಿಯೋಕ್ಕೆ ಕೊಡಬೇಕು ಅಂತ ಹಿಂದಿನ ರಟ್ಟು ಬಿಚ್ಚಿ ಎಳೀತಾರೆ, ಮುಖದ ಬಣ್ಣ ಗಾಜಿನ ಮೇಲೆ, ಬರೀ ಬಿಳಿ ಕಾಗದ ಕೈಯಲ್ಲಿ. ಎಳೀಬೇಡಿ. ಗಾಜಿನ ಸಮೇತ ಬಾಗಿಲ ನೆರಳಿನಲ್ಲಿ ನೆಲಕ್ಕೆ ಮಲಗಿಸಿ, ಫ್ಲ್ಯಾಶ್ ಆರಿಸಿ, ಮೊಬೈಲನ್ನು ಫೋಟೋಗೆ ಸಮಾನಾಂತರ ಹಿಡಿದು ತೆಗೆಯಿರಿ. ಗಾಜಿನಲ್ಲಿ ನಿಮ್ಮ ಬಿಳಿ ಅಂಗಿ ಕಾಣಿಸಿದರೆ ಮೇಲೊಂದು ಕಪ್ಪು ಬಟ್ಟೆ ಹಿಡಿಯಿರಿ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಸುಮ್ಮನೆ ಕಳಿಸಿದರೆ ಗಾತ್ರ ಕುಗ್ಗಿ, ಬ್ಯಾನರಿನಲ್ಲಿ ನೋಡಿದ ಚೌಕ ಚೌಕ ಮುಖವೇ ಗತಿ.

"ಈಗ ಎಲ್ಲರ ಮೊಬೈಲಿನಾಗ ವಿಡಿಯೋ ಅದಾವಲ್ರೀ, ಬರೆಯೋದ್ಯಾಕ?" ಅಂತ ಕೇಳುವವರು ಸಾಕಷ್ಟು ಮಂದಿ. ಇವೆ, ಮೊಮ್ಮಗನ ಮದುವೆಯಲ್ಲಿ ಕುರ್ಚಿಯ ಮೇಲೆ ಕೂತ ಮೂವತ್ತು ಸೆಕೆಂಡಿನ ವಿಡಿಯೋ. ಅದರಲ್ಲಿ ಆಕೆ ಮುದುಕಿ ಮಾತ್ರ. ಬೀಜ ಆರಿಸಿದವಳು ಇಲ್ಲ, ತಮ್ಮನನ್ನು ಹೊತ್ತು ಓಡಿದ ಹುಡುಗಿ ಇಲ್ಲ. ಮೊಬೈಲ್ ಕೆಟ್ಟರೆ, ಎಕ್ಸ್‌ಚೇಂಜಿಗೆ ಹೋದರೆ ಅದೂ ಇಲ್ಲ. ದನಿ ರೆಕಾರ್ಡ್ ಮಾಡಿದವರೂ ಅದಕ್ಕೆ ಹೆಸರು ಕೊಡಲ್ಲ. ನೂರು ರೆಕಾರ್ಡಿಂಗ್ ನಡುವೆ ಯಾವುದು ಯಾರದು ಅಂತ ಹುಡುಕುವ ತಾಳ್ಮೆ ಯಾರಿಗಿದೆ?

ಇನ್ನೊಂದು ಮಾತು ಕೇಳಿದರೆ ಮೈ ಉರಿಯುತ್ತೆ. "ಕೂಲಿ ಮಾಡಿ ಸತ್ತವರದ್ದು ಏನ್ ಬರೀತೀರಿ?" ನಮ್ಮೂರ ಅಗಸಿ (ಊರ ಬಾಗಿಲು) ಹತ್ತಿರ ಅರ್ಧ ಹೂತುಹೋದ ವೀರಗಲ್ಲನ್ನು ನೋಡಿ ಬನ್ನಿ. ಕೆಳಗಿನ ಪಟ್ಟಿಯಲ್ಲಿ ಅವನು ಹೇಗೆ ಸತ್ತ ಅಂತ ಕೊರೆದಿದ್ದಾರೆ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತದ್ದು. ನಾಡಿನ ಎಷ್ಟೋ ವೀರಗಲ್ಲುಗಳು ಊರಿನ ದನ ಬಿಡಿಸಲು ಹೋಗಿ ಸತ್ತವರವು. ಅವರು ರಾಜರಲ್ಲ. ಅವರು ಮಾಡಿದ ಕೆಲಸವನ್ನು ಊರು ಕಲ್ಲಿನಲ್ಲಿ ಬರೆಸಿತು. ನಮ್ಮ ಫ್ಲೆಕ್ಸ್ ಎರಡು ಬೇಸಿಗೆಯ ಬಿಸಿಲಿಗೆ ಬೆಳ್ಳಗಾಗಿ, ಕಣಕಿ ಬಣಿವೆಯ ಮೇಲೆ ಹೊದಿಕೆ ಆಗುತ್ತೆ, ಅದರಲ್ಲಿ ಬರೆಯುವಂಥದ್ದೂ ಏನೂ ಇರಲಿಲ್ಲ. ಬ್ಯಾನರ್ ಹಾಕಬೇಡಿ ಅಂತ ಹೇಳ್ತಿಲ್ಲ, ಹಾಕಿ. ಮುಖಂಡರ ಎರಡು ಫೋಟೋ ತೆಗೆದರೆ ನಾಲ್ಕು ಸಾಲಿಗೆ ಜಾಗ ಸಿಗುತ್ತೆ. ತವರೂರು, ಮಾಡಿದ ಕೆಲಸ, ಕಲಿಸಿದ್ದು, ಹಾಡಿದ್ದು.

ಹೋದ ವಾರ ತೀರಿಕೊಂಡ ಫರಸಿ ಕಲ್ಲಿನ ಗಣಿಯ ಕಾಕಾ ಅವರದ್ದು ಇನ್ನೂ ಯಾರೂ ಬರೆದುಕೊಂಡಿಲ್ಲ. ಸುತ್ತಿಗೆಯಿಂದ ಬಡಿದು ಸದ್ದು ಕೇಳಿಯೇ ಕಲ್ಲಿನ ಹಾಸು (ಪದರು) ಎಲ್ಲಿ ಬಿಡುತ್ತೆ ಅಂತ ಹೇಳ್ತಿದ್ದರು. ಕಣ್ ಅಂದರೆ ಗಟ್ಟಿ ಕಲ್ಲು, ದಪ್ ಅಂದರೆ ಒಳಗೆ ಬಿರುಕು. ಜೊತೆಗೆ ಕೆಲಸ ಮಾಡಿದ ಅವರ ತಮ್ಮ ದಿನಕರ್ಮಕ್ಕೆ ಬಂದಿದ್ದಾರೆ, ಸೋಮವಾರ ಹೈದರಾಬಾದಿಗೆ ಹೊರಡ್ತಾರೆ. ಶನಿವಾರ, ಭಾನುವಾರ ಸಂಜೆ ಮನೆಯಲ್ಲೇ ಇರ್ತಾರೆ. ಆ ಓಣಿಯ ಹುಡುಗರು ಯಾರಾದರೂ ಹೋಗಿ ಕೂಡ್ತೀರಾದರೆ ಕೆಳಗೆ ಹೇಳಿ, ರಿಜಿಸ್ಟರ್ ಕಳಿಸಿಕೊಡ್ತೇನೆ.