ಭಾವನವರ ಘನ ಅಡಿ

ಮನೆ ಕಟ್ಟಿಸುತ್ತಿರುವವರಿಗೆ ಗೃಹಪ್ರವೇಶ ಮುಗಿಯುವ ತನಕ ಕಾಡಿನೊಳಗೆ ಪ್ರವೇಶವಿಲ್ಲ ಎಂಬ ನಿಯಮವನ್ನು ಅರಣ್ಯ ಇಲಾಖೆ ಇನ್ನೂ ಏಕೆ ತಂದಿಲ್ಲವೋ ತಿಳಿಯದು. ಕಳೆದ ಭಾನುವಾರ ಶಿವಮೊಗ್ಗದ ಭಾವನವರೊಂದಿಗೆ ಆಗುಂಬೆಯ ಕಾಡು ಸುತ್ತಿ ಬಂದೆ. ಇಂಬಳ ಕಚ್ಚಿದ ತುರಿಕೆ ಆಗಲೇ ಇಳಿದಿದೆ. ಅವರು ಒಪ್ಪಿಸಿದ ಮರದ ಲೆಕ್ಕ ಮಾತ್ರ ತಲೆಯಿಂದ ಇಳಿದಿಲ್ಲ.

ಇಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ ಎಂದು ನಾನು ಹೆಮ್ಮೆಯಿಂದ ಹೇಳಿದರೆ, "ಹಾಗಾದರೆ ಇಲ್ಲಿನ ಮರ ಒಣಗುವುದು ಯಾವಾಗ ಮಾರಾಯ?" ಎಂದರು. ಸಾಲುಧೂಪದ ಮರವನ್ನು "ಪ್ಲೈವುಡ್ಡಿಗೆ ಸರಿ, ಬಾಗಿಲಿಗೆ ಬಾರದು" ಎಂದು ಒಂದೇ ನೋಟಕ್ಕೆ ತಳ್ಳಿಹಾಕಿದರು. ಹಾರುವ ಓತಿಯೊಂದು ಪಕ್ಕೆಯ ಚರ್ಮ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲಿದಾಗ, ಅದು ಕುಳಿತ ಮರ ಯಾವುದೆಂದು ವಿಚಾರಿಸಿದರು. ಅದು ಹೆಬ್ಬಲಸು ಎಂದು ಹೇಳಿದ್ದೇ ತಡ, ಜೇಬಿನಿಂದ ಟೇಪು ಹೊರಬಂತು. ಅಷ್ಟು ದೊಡ್ಡ ಬುಡವನ್ನು ಒಬ್ಬರೇ ಬಳಸುವುದು ಸಾಧ್ಯವಿಲ್ಲದ ಕಾರಣ ಟೇಪಿನ ಇನ್ನೊಂದು ತುದಿ, ನಮಗೆ ದಾರಿ ತೋರಿಸಲು ಬಂದಿದ್ದ ಫಾರೆಸ್ಟ್ ಗಾರ್ಡಿನ ಕೈಗೇ ಹೋಯಿತು. "ಸುತ್ತಳತೆ 12 ಅಡಿ. ನಾಲ್ಕರಲ್ಲಿ ಒಂದು ಪಾಲು 3, ಮೂರು ಮೂರಲಿ 9, ಉದ್ದ 40 ಅಡಿ ಹಿಡಿದರೆ 360 ಘನ ಅಡಿ!" ಎಂದು ಭಾವನವರು ಕಾಡೆಲ್ಲ ಮೊಳಗುವಂತೆ ಸಾರಿದಾಗ, ಸರ್ಕಾರಿ ಸಮವಸ್ತ್ರದಲ್ಲಿ ಟೇಪು ಹಿಡಿದು ನಿಂತಿದ್ದ ಆ ಬಡಪಾಯಿಯ ಮುಖದ ಬಣ್ಣವೇ ಬದಲಾಯಿತು.

ಮುಂದೆ ಪೊಟರೆಯಿದ್ದ ಹಳೆಯ ಮರವೊಂದು ಸಿಕ್ಕಿತು. "ಪೊಳ್ಳು, ದಂಡ" ಎಂದು ಭಾವನವರು ಮುಂದೆ ನಡೆದರು. ಮಂಗಟ್ಟೆ ಹಕ್ಕಿಗೆ ತಾನೇ ಮರ ಕೊರೆಯಲು ಬಾರದು. ಇಂಥ ಪೊಟರೆಯೊಳಗೆ ಹೆಣ್ಣು ಸೇರಿಕೊಂಡು, ಬಾಯಿಯನ್ನು ಸಣ್ಣ ಸೀಳಷ್ಟೇ ಉಳಿಯುವಂತೆ ಮೆತ್ತಿಕೊಂಡು, ಗಂಡು ತಂದುಕೊಡುವ ಹಣ್ಣಿನಲ್ಲಿ ವಾರಗಟ್ಟಲೆ ಬಾಣಂತನ ಕಳೆಯುತ್ತದೆ ಎಂದು ವಿವರಿಸಿದೆ. "ಬಾಗಿಲಿನ ಖರ್ಚೇ ಇಲ್ಲ ನೋಡು!" ಎಂದು ಅವರು ನಿಟ್ಟುಸಿರಿಟ್ಟರು.

ಸಂಜೆ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ ಜಗಲಿಯ ಕಂಬವನ್ನು ಬೆರಳಿನಿಂದ ತಟ್ಟಿ, "ಹೆಬ್ಬಲಸು! ಈಗ ಎಲ್ಲಿ ಸಿಗಬೇಕು ಇಂಥದ್ದು?" ಎಂದರು. ಅಜ್ಜನ ಕಾಲದ ಕಂಬಗಳವು. ಯಾವ ಗುಡ್ಡದಲ್ಲಿ, ಎಷ್ಟು ಹಕ್ಕಿಗಳನ್ನು ಹೊತ್ತು ನಿಂತಿದ್ದವೋ, ಮನೆಯಲ್ಲಿ ಹೇಳುವವರು ಯಾರೂ ಉಳಿದಿಲ್ಲ. ಆ ಯೋಚನೆಯಲ್ಲಿ ನಾನು ಸುಮ್ಮನಾದದ್ದನ್ನು ಭಾವನವರು ಬೇರೆಯೇ ಬಗೆಯಲ್ಲಿ ಅರ್ಥಮಾಡಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು: "ಈ ಮನೆ ಕೆಡವುವ ಅಂದಾಜು ಏನಾದರೂ ಉಂಟಾ?"

"ಮೊದಲು ನಿಮ್ಮ ಮನೆಗೆ ಸೂರು ಹಾಕಿಸಿ" ಎಂದು ಅಕ್ಕ ಒಳಗಿನಿಂದಲೇ ಗದರಿದಳು.